ಹುಳುವಿನ ಸ್ನಾಯು ಸೋತಂತೆ ಕಂಡಾಗ: ಸಿ. ಎಲೆಗನ್ಸ್ ಪ್ರಯೋಗದಲ್ಲಿ ದೋಷ ಹುಡುಕುವ ಕ್ರಮ

ಎಂ9 ಎಂಬ ಉಪ್ಪಿನ ದ್ರಾವಣದ ಹನಿಯೊಳಗೆ ಬಿಟ್ಟ ಪ್ರಾಯದ ಸಿ. ಎಲೆಗನ್ಸ್ ಜಂತುಹುಳು ಸುಮ್ಮನೆ ಮಲಗುವುದಿಲ್ಲ. ಒಂದು ಮಿಲಿಮೀಟರ್ ಉದ್ದದ ತನ್ನ ಪಾರದರ್ಶಕ ಮೈಯನ್ನು ಎಡಕ್ಕೂ ಬಲಕ್ಕೂ ಬಾಗಿಸುತ್ತ, ನಿಮಿಷಕ್ಕೆ ಸುಮಾರು 100 ಪೂರ್ತಿ ಬಳುಕುಗಳಂತೆ ಒದ್ದಾಡುತ್ತದೆ. ಥ್ರ್ಯಾಶಿಂಗ್ ಎಂದು ಕರೆಯುವ ಈ ಒದ್ದಾಟವನ್ನು ಎಣಿಸಲು ಒಂದು ಡಿಸೆಕ್ಷನ್ ಮೈಕ್ರೋಸ್ಕೋಪು, ಒಂದು ಸ್ಟಾಪ್‌ವಾಚು ಮತ್ತು ತಾಳ್ಮೆ ಇದ್ದರೆ ಸಾಕು. ಆದ್ದರಿಂದಲೇ ಸ್ನಾಯುವಿನ ಆರೋಗ್ಯವನ್ನೂ ಅದಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳ ಕೆಲಸವನ್ನೂ ಅಭ್ಯಾಸ ಮಾಡಲು ಹೊರಟ ಸಣ್ಣ ಪ್ರಯೋಗಾಲಯಗಳು ಮೊದಲು ಹಿಡಿಯುವ ದಾರಿ ಇದೇ ಆಗಿರುತ್ತದೆ. ಹೀಗೆ ಎಣಿಸಿದ ಸಂಖ್ಯೆ ಇದ್ದಕ್ಕಿದ್ದಂತೆ ಕುಸಿದಾಗ, ಅದರಲ್ಲೂ ಯಾವ ಜೀನ್ ದೋಷವೂ ಇಲ್ಲದ ಎನ್2 ಎಂಬ ಮೂಲ ತಳಿಯಲ್ಲೇ ಕುಸಿದಾಗ, ಕಾರಣವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಹಾಸನದ ಒಂದು ಕಾಲೇಜಿನಲ್ಲಿ ಕೆಲವು ವರ್ಷ ಈ ಹುಳು ಸಾಕಿ, ಬಹುಪಾಲು ತಪ್ಪುಗಳನ್ನು ಸ್ವತಃ ಮಾಡಿದ ಮೇಲೆ ನನಗೆ ಗಟ್ಟಿಯಾದ ಅಭಿಪ್ರಾಯವೊಂದಿದೆ: ಮೈಟೊಕಾಂಡ್ರಿಯಾವನ್ನು ಕಟ್ಟಕಡೆಯ ಆರೋಪಿಯಾಗಿ ಇಟ್ಟುಕೊಳ್ಳಬೇಕು. ಅದಕ್ಕಿಂತ ಮೊದಲು ಎಣಿಸಿದ ಕಣ್ಣು, ಹುಳು ಬೆಳೆದ ಪ್ಲೇಟು ಎಂಬ ಮುಚ್ಚಳದ ತಟ್ಟೆ, ಪ್ಲೇಟು ಇಟ್ಟ ಪೆಟ್ಟಿಗೆಯ ಉಷ್ಣತೆ ಇವೆಲ್ಲ ಕಟಕಟೆಗೆ ಬಂದು ಹೋಗಬೇಕು.

ಹುಳುವಿನ ಬಗ್ಗೆ ಎರಡು ಮಾತು ಅಗತ್ಯ. ನಮ್ಮ ಜಿಲ್ಲೆಯಲ್ಲಿ ಜಂತುಹುಳು ಎಂದರೆ ಶುಂಠಿ, ಆಲೂಗೆಡ್ಡೆ, ಟೊಮೆಟೊ ಬೇರಿಗೆ ಗಂಟು ಕಟ್ಟಿಸುವ ಶತ್ರು ಎಂದೇ ಅರ್ಥ. ಮೊದಲ ಪ್ಲೇಟು ನೋಡಿದ ನಮ್ಮ ಅಟೆಂಡರ್ ಕೂಡ, "ಸಾರ್, ಇದು ನಮ್ಮ ಶುಂಠಿಗೆ ಬೀಳೋ ಹುಳಾನೇ ಅಲ್ವಾ?" ಎಂದು ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಅಲ್ಲ. ಬೇರು ಚುಚ್ಚುವ ಸೂಜಿಬಾಯಿ ಇದಕ್ಕಿಲ್ಲ. ಇದು ಬ್ಯಾಕ್ಟೀರಿಯಾ ತಿಂದು ಬದುಕುತ್ತದೆ. ಜೀವವಿಜ್ಞಾನಿ ಸಿಡ್ನಿ ಬ್ರೆನ್ನರ್ ಕೇಂಬ್ರಿಡ್ಜ್‌ನಲ್ಲಿ ಇದನ್ನು ಆರಿಸಿಕೊಂಡು 1974ರಲ್ಲಿ ಅದರ ತಳಿವಿಜ್ಞಾನದ ಪ್ರಬಂಧ ಪ್ರಕಟಿಸಿದ ಮೇಲೆ, ಪ್ರಾಯದ ಉಭಯಲಿಂಗಿ ಹುಳುವಿನ 959 ದೇಹಕೋಶಗಳ ವಂಶಾವಳಿಯೂ ತಿಳಿದಿದೆ. ಅವುಗಳಲ್ಲಿ 95 ಕೋಶಗಳು ಮೈಗೋಡೆಯ ಸ್ನಾಯುಗಳು. ಮನುಷ್ಯನ ಸ್ನಾಯುವಿಗಿರುವಂತೆ ರಿಪೇರಿ ಮಾಡುವ ಕಾಂಡಕೋಶಗಳು ಇವುಗಳ ಬೆನ್ನಿಗಿಲ್ಲ. ಹುಟ್ಟಿದ ಕೋಶವೇ ಎರಡು ಮೂರು ವಾರಗಳ ಆಯುಷ್ಯ ಪೂರ್ತಿ ದುಡಿಯಬೇಕು. ವಯಸ್ಸಾದಂತೆ ಸ್ನಾಯು ಕರಗುವುದನ್ನು ಅಭ್ಯಾಸ ಮಾಡುವವರಿಗೆ ಇದೇ ಅನುಕೂಲ, ಏಕೆಂದರೆ ಕಾಣುವ ಹಾಳು ಆ ಕೋಶದ್ದೇ ಆಗಿರುತ್ತದೆ. ದೋಷ ಹುಡುಕುವವರಿಗೆ ಇದೇ ತೊಡಕು ಕೂಡ: ಮರಿಯಿದ್ದಾಗ ತಿಂದ ಪೆಟ್ಟನ್ನು ಹುಳು ಪ್ರಾಯದಲ್ಲೂ ಹೊತ್ತು ತಿರುಗುತ್ತದೆ. ಇವತ್ತಿನ ಸಂಖ್ಯೆಯ ಕಾರಣ ಮೂರು ದಿನದ ಹಿಂದೆ ಇರಬಹುದು.

ಮೊದಲು ಎಣಿಕೆಯನ್ನೇ ಶಂಕಿಸಬೇಕು

ಎರಡು ವಿದ್ಯಾರ್ಥಿಗಳ ಸಂಖ್ಯೆಗಳು ಹೆಚ್ಚುಕಡಿಮೆ ಒಂದಕ್ಕೆ ಎರಡರ ಅನುಪಾತದಲ್ಲಿ ಬಂದಿದ್ದರೆ ಹುಳುವನ್ನು ನೋಡುವ ಅಗತ್ಯವೇ ಇಲ್ಲ. ಒಬ್ಬರು ತಲೆ ಎಡದಿಂದ ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಬಂದುದನ್ನು ಒಂದು ಎಂದು ಎಣಿಸಿದ್ದಾರೆ, ಇನ್ನೊಬ್ಬರು ಪ್ರತಿ ಬಾಗುವಿಕೆಯನ್ನೂ ಒಂದು ಎಂದು ಎಣಿಸಿದ್ದಾರೆ, ಅಷ್ಟೇ. ಪ್ರಕಟಿತ ಪ್ರಬಂಧಗಳಲ್ಲೂ ಎರಡೂ ರೂಢಿಗಳಿವೆ. ಅಲ್ಲಿನ ಸಂಖ್ಯೆಯೊಂದಿಗೆ ನಮ್ಮದನ್ನು ಹೋಲಿಸುವ ಮುನ್ನ ಅವರ ವಿಧಾನದ ಪರಿಚ್ಛೇದವನ್ನು ಓದಲೇಬೇಕು. ಐಪೀಸಿಗೆ ಮೊಬೈಲು ಹಿಡಿದು 30 ಸೆಕೆಂಡಿನ ವಿಡಿಯೊ ತೆಗೆದು, ನಿಧಾನಗತಿಯಲ್ಲಿ ಓಡಿಸಿ, ಯಾವ ತಳಿಯೆಂದು ತಿಳಿಯದ ಮೂರನೆಯವರಿಂದ ಎಣಿಸುವುದು ನಮ್ಮಲ್ಲಿ ಈಗ ಕಡ್ಡಾಯ. ತಳಿಯ ಹೆಸರು ಗೊತ್ತಿದ್ದವರ ಕಣ್ಣು ರೋಗಿ ಹುಳುವಿನ ಅರ್ಧ ಬಳುಕನ್ನು ಬಿಟ್ಟುಬಿಡುತ್ತದೆ. ಇದು ಅಪ್ರಾಮಾಣಿಕತೆಯಲ್ಲ, ಕಣ್ಣಿನ ಸ್ವಭಾವ.

ಹನಿಗೆ ಬಿಟ್ಟ ಕೂಡಲೆ ಎಣಿಸಬಾರದು, ತುಂಬಾ ಹೊತ್ತು ಬಿಟ್ಟೂ ಎಣಿಸಬಾರದು. ಮೊದಲ ಅರ್ಧ ನಿಮಿಷ, ಒಂದು ನಿಮಿಷ ಹುಳು ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತದೆ. ಗಂಟೆ ಎರಡು ಗಂಟೆ ನೀರಿನಲ್ಲೇ ಉಳಿದರೆ ಈಜುವುದು, ನಿಲ್ಲುವುದು ಎಂಬ ಸರದಿಗೆ ಬೀಳುತ್ತದೆ. ಆ ನಿಲುಗಡೆಯನ್ನು ಸ್ನಾಯುದೌರ್ಬಲ್ಯ ಎಂದು ಬರೆದುಕೊಂಡರೆ ಪಾಪ ಹುಳುವಿಗೆ ಅನ್ಯಾಯ. ಇನ್ನು ಹುಳು ಎತ್ತುವ ಪ್ಲಾಟಿನಂ ತಂತಿಯ ತುದಿ ಚೂಪಾಗಿದ್ದರೆ ಹುಳುವಿನ ಮೈ ಗೀರುತ್ತದೆ. ಹತ್ತು ಹುಳುಗಳಲ್ಲಿ ಎರಡು ಮೂರು ಮಾತ್ರ ಸತ್ತಂತೆ ಬಿದ್ದಿದ್ದು ಉಳಿದವು ಚೆನ್ನಾಗಿದ್ದರೆ, ದೋಷ ತಂತಿಯದು ಎಂದು ತಿಳಿಯಬಹುದು. ಎಲ್ಲವೂ ಒಂದೇ ಸಮನಾಗಿ ನಿಧಾನವಾಗಿದ್ದರೆ ಮುಂದಿನ ಹಂತಕ್ಕೆ ಹೋಗಬೇಕು.

ಪ್ಲೇಟು, ನೀರು, ಮೇವು

ಪ್ಲೇಟಿಗೆ ಸುರಿಯುವ ಎನ್‌ಜಿಎಂ ಅಗರ್ ತಯಾರಿಸುವಾಗ ಕ್ಯಾಲ್ಸಿಯಂ ಕ್ಲೋರೈಡನ್ನೂ ಫಾಸ್ಫೇಟ್ ಬಫರನ್ನೂ ಕಲಕದೆ ಒಟ್ಟೊಟ್ಟಿಗೆ ಸುರಿದರೆ ಅಗರ್ ಮಜ್ಜಿಗೆಯಂತೆ ಮಸುಕಾಗುತ್ತದೆ. ಒಂದೊಂದನ್ನೂ ಹಾಕಿ ಕಲಕಿ, ನಂತರ ಮತ್ತೊಂದನ್ನು ಹಾಕಬೇಕು. ಲೀಟರಿಗೆ 17 ಗ್ರಾಂ ಅಗರ್ ಇರಬೇಕಾದಲ್ಲಿ ಕಡಿಮೆ ಬಿದ್ದರೆ ಹುಳು ಕೊರೆದು ಒಳಗೆ ಇಳಿಯುತ್ತದೆ. ಮೇಲೆ ಉಳಿದವು ಮಾತ್ರ ನಮ್ಮ ಲೆಕ್ಕಕ್ಕೆ ಸಿಗುವುದರಿಂದ ಸರಾಸರಿಯೇ ಓಲುತ್ತದೆ. ಕೊಲೆಸ್ಟರಾಲ್ ಹಾಕಲು ಮರೆತ ಬ್ಯಾಚಿನಲ್ಲಿ ಮೊದಲ ತಲೆಮಾರು ಹೇಗೋ ದಾಟಿ, ಎರಡನೆಯದು ಸೊರಗುತ್ತದೆ, ಏಕೆಂದರೆ ಈ ಹುಳು ಸ್ಟೆರಾಲನ್ನು ತಾನೇ ತಯಾರಿಸಿಕೊಳ್ಳಲಾರದು.

ಮಳೆಗಾಲದಲ್ಲಿ ಸಕಲೇಶಪುರ, ಚಿಕ್ಕಮಗಳೂರಿನ ಕಡೆ ಬೂಷ್ಟು ತಪ್ಪಿದ್ದಲ್ಲ. ಬೂಷ್ಟಿನ ಎಳೆಗಳ ನಡುವೆ ಹರಿದಾಡುವ ಹುಳುವಿನ ಮೇವು ಕಡಿಮೆಯಾಗುತ್ತದೆ, ವಯಸ್ಸು ಏರುಪೇರಾಗುತ್ತದೆ. ಅಂಥ ಪ್ಲೇಟಿನಿಂದ ಹುಳು ಎತ್ತಿ ಪ್ರಯೋಗಕ್ಕೆ ಹಾಕುವ ಬದಲು ಬ್ಲೀಚಿನಲ್ಲಿ ಹುಳುಗಳನ್ನು ಕರಗಿಸಿ, ಉಳಿದ ಮೊಟ್ಟೆಯಿಂದಲೇ ಮತ್ತೆ ಶುರುಮಾಡಬೇಕು. ಬೇಸಿಗೆಯಲ್ಲಿ ಬಾಟಲಿಯಲ್ಲೇ ಬ್ಲೀಚಿನ ಕಸುವು ಇಳಿದುಹೋಗುತ್ತದೆ. ಆಗ ಹೆಚ್ಚು ಹೊತ್ತು ಬಿಡುವ ಆಸೆ ಬೇಡ, ಹೊಸ ಬಾಟಲಿ ತರಿಸಿ, ಇಲ್ಲವಾದರೆ ಮೊಟ್ಟೆಯ ಒಳಗಿನ ಭ್ರೂಣಕ್ಕೆ ಪೆಟ್ಟಾಗುತ್ತದೆ.

ಮೇವಿನ ತಳಿ ಬದಲಾದರೆ ಬೇರೆಯೇ ಪ್ರಯೋಗ ಆದಂತೆ. ಸಾಮಾನ್ಯವಾಗಿ ಒಪಿ50 ಎಂಬ ಇ. ಕೋಲೈ ಕೊಡುತ್ತೇವೆ, ಜೀನ್ ಅಡಗಿಸುವ ಆರ್‌ಎನ್‌ಎಐ ಪ್ರಯೋಗಕ್ಕೆ ಎಚ್‌ಟಿ115 ಕೊಡುತ್ತೇವೆ. ಎರಡರಿಂದಲೂ ಹುಳುವಿಗೆ ಸಿಗುವ ವಿಟಮಿನ್ ಬಿ12 ಒಂದೇ ಪ್ರಮಾಣದ್ದಲ್ಲ, ಮತ್ತು ಬಿ12 ಮೈಟೊಕಾಂಡ್ರಿಯಾದ ಒಳಗಿನ ಚಯಾಪಚಯಕ್ಕೆ ನೇರವಾಗಿ ಬೇಕಾದ ವಸ್ತು. ಒಪಿ50 ತಿಂದ ಮೂಲ ತಳಿಯನ್ನು ಎಚ್‌ಟಿ115 ತಿಂದ ಮ್ಯೂಟೆಂಟಿನ (ಜೀನ್ ದೋಷವಿರುವ ತಳಿಯ) ಎದುರು ನಿಲ್ಲಿಸಿ ವ್ಯತ್ಯಾಸ ಕಂಡೆವು ಎನ್ನುವವರು ವ್ಯತ್ಯಾಸ ಕಂಡಿರುವುದು ಊಟದಲ್ಲಿ.

ಉಷ್ಣತೆ: ನಮ್ಮನ್ನು ಒಂದು ತಿಂಗಳು ಆಡಿಸಿದ ದೋಷ

ಈ ಭಾಗವನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಇದನ್ನು ಕಂಡುಹಿಡಿಯಲು ನಮಗೆ ಏಪ್ರಿಲ್ ತಿಂಗಳು ಪೂರ್ತಿ ಹಿಡಿಯಿತು. ಹಾಸನವನ್ನು ಬಡವರ ಊಟಿ ಎಂದು ಕರೆಯುತ್ತಾರೆ. ಆ ಮಾತನ್ನು ನಂಬಿಕೊಂಡು ಪ್ರಯೋಗಾಲಯಕ್ಕೆ ಎ.ಸಿ. ಬೇಡ, ಉಷ್ಣತೆ ಕಾಯ್ದಿಡುವ ಪೆಟ್ಟಿಗೆಯಾದ ಬಿ.ಓ.ಡಿ. ಇನ್‌ಕ್ಯುಬೇಟರ್ ಒಂದೇ ಸಾಕು ಎಂದು ತೀರ್ಮಾನಿಸಿದವನು ನಾನೇ. ಆ ಏಪ್ರಿಲ್‌ನಲ್ಲಿ ಮೂಲ ತಳಿಯ ಒದ್ದಾಟ ಕೆಲವು ವಾರ ಸರಿಯಾಗಿಯೂ ಕೆಲವು ವಾರ ತೀರಾ ಕಡಿಮೆಯಾಗಿಯೂ ಬರುತ್ತಿತ್ತು. ಮೈಟೊಕಾಂಡ್ರಿಯಾದಲ್ಲಿ ಶಕ್ತಿ ತಯಾರಿಸುವ ಪ್ರೋಟೀನ್ ಸಾಲಿನ ಮೊದಲ ಸಂಕೀರ್ಣದಲ್ಲಿ ದೋಷವಿರುವ ಗ್ಯಾಸ್-1 ಮ್ಯೂಟೆಂಟು ಮೊದಲೇ ನಿಧಾನದ ಹುಳು. ಅದಕ್ಕೂ ಮೂಲ ತಳಿಗೂ ಇರಬೇಕಾದ ಅಂತರವೇ ಮಾಯವಾಗಿತ್ತು. ಇನ್‌ಕ್ಯುಬೇಟರಿನ ಬಾಗಿಲಿನ ಮೇಲಿನ ಅಂಕಿ ನಾವು ನೋಡಿದಾಗಲೆಲ್ಲ 20 ಡಿಗ್ರಿಯನ್ನೇ ತೋರಿಸುತ್ತಿತ್ತು. ಹೊಸ ಪೆಪ್ಟೋನು ತರಿಸಿದೆವು, ಡಿಸ್ಟಿಲ್ಡ್ ವಾಟರ್ ಬದಲಿಸಿದೆವು, ಎಂ9 ಮೂರು ಸಲ ಮಾಡಿದೆವು. ಏನೂ ಆಗಲಿಲ್ಲ.

ಸುಳಿವು ಕೊಟ್ಟಿದ್ದು ಆಲೂರಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಎಂ.ಎಸ್ಸಿ. ವಿದ್ಯಾರ್ಥಿನಿ. "ಸಾರ್, ಈ ಪ್ಲೇಟಲ್ಲಿ ಬಾಲ ಬೇರೆ ಥರ ಇರೋ ಸಣಕಲು ಹುಳುಗಳು ಜಾಸ್ತಿ ಇವೆ, ಬಂದು ನೋಡ್ತೀರಾ?" ಎಂದಳು. ನೋಡಿದೆ. ಉಭಯಲಿಂಗಿಯ ಬಾಲ ಚಾಟಿಯ ತುದಿಯಂತೆ ಸಪೂರವಾಗಿ ಕೊನೆಯಾಗುತ್ತದೆ. ಇವುಗಳ ಬಾಲ ಪುಟ್ಟ ಬೀಸಣಿಗೆಯಂತೆ ಅಗಲವಾಗಿ ಬಿಚ್ಚಿಕೊಂಡಿತ್ತು. ಗಂಡುಗಳು. ಮೂಲ ತಳಿಯಲ್ಲಿ ಸಾವಿರಕ್ಕೆ ಒಂದೋ ಎರಡೋ ಗಂಡು ಹುಟ್ಟುವುದು ಸಹಜ. ನಮ್ಮ ಒಂದೇ ಪ್ಲೇಟಿನಲ್ಲಿ ಬೆರಳೆಣಿಕೆ ಮೀರಿ ಇದ್ದವು. ಗಂಡು ಹುಳು ಬೇಕಾದವರು ಬೇಕೆಂತಲೇ ಏನು ಮಾಡುತ್ತಾರೆ ಎಂಬುದು ಆಗ ನೆನಪಾಯಿತು: ಎಲ್4 ಎಂಬ, ಪ್ರಾಯಕ್ಕೆ ಮುಂಚಿನ ಕಡೆಯ ಹಂತದ ಮರಿಗಳನ್ನು 30 ಡಿಗ್ರಿಯಲ್ಲಿ ನಾಲ್ಕರಿಂದ ಆರು ಗಂಟೆ ಇಡುತ್ತಾರೆ. ಎಕ್ಸ್ ವರ್ಣತಂತುಗಳು ಬೇರ್ಪಡುವಲ್ಲಿ ಶಾಖದಿಂದ ತಪ್ಪಾಗಿ ಮುಂದಿನ ತಲೆಮಾರಿನಲ್ಲಿ ಗಂಡುಗಳು ಹೆಚ್ಚುತ್ತವೆ. ಅಂದರೆ ನಮ್ಮ ಹುಳುಗಳ ತಾಯಂದಿರು ಎಲ್ಲೋ, ಯಾವಾಗಲೋ ಕಾದಿದ್ದರು.

ಕಾಫಿ ತೋಟಗಳಲ್ಲಿ ಮಳೆಮಾಪಕದ ಪಕ್ಕ ಗರಿಷ್ಠ ಕನಿಷ್ಠ ಥರ್ಮಾಮೀಟರು ಇಟ್ಟುಕೊಳ್ಳುವ ರೂಢಿಯಿದೆ. ಅದೇ ಹುಡುಗಿ ತನ್ನ ಚಿಕ್ಕಪ್ಪನ ತೋಟದಿಂದ ಅಂಥದ್ದೊಂದನ್ನು ತಂದುಕೊಟ್ಟಳು. ಶನಿವಾರ ಸಂಜೆ ಇನ್‌ಕ್ಯುಬೇಟರಿನ ನಡುವಿನ ತಟ್ಟೆಯಲ್ಲಿ ಇಟ್ಟು ಬೀಗ ಹಾಕಿದೆವು. ಸೋಮವಾರ ಬೆಳಿಗ್ಗೆ ಬಾಗಿಲ ಮೇಲೆ ಅದೇ ಸಾಧು 20; ಒಳಗೆ ಗರಿಷ್ಠದ ಗುರುತು 30ರ ಗೆರೆಗೆ ಅಂಟಿಕೊಂಡಿತ್ತು. ಭಾನುವಾರ ಕರೆಂಟು ಹೋಗಿ ಬಂದಾಗ ವೋಲ್ಟೇಜು ಕಡಿಮೆಯಿದ್ದು, ಸ್ಟೆಬಿಲೈಜರು ಕಂಪ್ರೆಸರಿಗೆ ವಿದ್ಯುತ್ತು ಬಿಟ್ಟಿರಲಿಲ್ಲ. ಬೇರೆ ಸಾಲಿನಲ್ಲಿದ್ದ ಒಳಗಿನ ಫ್ಯಾನು ಮತ್ತು ಟ್ಯೂಬ್‌ಲೈಟು ಮಾತ್ರ ಓಡುತ್ತಿದ್ದವು. ತಣ್ಣಗೆ ಮಾಡುವ ಯಂತ್ರ ನಿಂತು ಬಿಸಿ ಮಾಡುವವೆಲ್ಲ ನಡೆಯುತ್ತಿದ್ದ ಪೆಟ್ಟಿಗೆಯೊಳಗೆ ನಮ್ಮ ಹುಳುಗಳು ಅರ್ಧ ದಿನ ಕಳೆದಿದ್ದವು. ಸಂಜೆ ವೋಲ್ಟೇಜು ಏರಿದ ಮೇಲೆ ಎಲ್ಲವೂ ಮೊದಲಿನಂತಾಗಿ, ಸಾಕ್ಷಿಯೇ ಉಳಿಯುತ್ತಿರಲಿಲ್ಲ. ಗಂಡುಗಳು ಕಾಣಿಸಿಕೊಳ್ಳುವ ಹೊತ್ತಿಗೆ ವಾರದ ನಡುವೆ ಬಂದಿರುತ್ತಿತ್ತು.

ಆದ್ದರಿಂದ ಪರೀಕ್ಷೆಯ ಕ್ರಮ ಹೀಗಿರಲಿ. ಬಾಗಿಲ ಮೇಲಿನ ಅಂಕಿಯನ್ನು ಪುರಾವೆ ಎಂದು ಒಪ್ಪಬಾರದು. ಒಳಗೆ ಪ್ರತ್ಯೇಕ ಗರಿಷ್ಠ ಕನಿಷ್ಠ ಥರ್ಮಾಮೀಟರು ಇಟ್ಟು, ಪ್ರತಿದಿನ ಗುರುತು ಓದಿ ಮತ್ತೆ ಇಳಿಸಬೇಕು. ಗಂಡುಗಳ ಸಂಖ್ಯೆ, ಒಂದು ಹುಳು ಇಡುವ ಸುಮಾರು 300 ಮೊಟ್ಟೆಗಳಲ್ಲಿ ಕಡಿತ, ನಿರೀಕ್ಷೆಗಿಂತ ಬೇಗ ಪ್ರಾಯಕ್ಕೆ ಬಂದಿರುವುದು, ಈ ಮೂರನ್ನು ಒಟ್ಟಿಗೆ ನೋಡಬೇಕು. 15 ಡಿಗ್ರಿಯಲ್ಲಿ ಐದಾರು ದಿನ, 20ರಲ್ಲಿ ಮೂರೂವರೆ ದಿನ, 25ರಲ್ಲಿ ಎರಡೂವರೆ ದಿನಕ್ಕೆ ಮೊಟ್ಟೆಯಿಂದ ಮೊಟ್ಟೆಗೆ ಸುತ್ತು ಮುಗಿಯುತ್ತದೆ; ಹಾಗಾಗಿ ಹುಳುವೇ ಒಂದು ಒರಟು ಥರ್ಮಾಮೀಟರು. ಕಾದ ಬ್ಯಾಚನ್ನು ಎಸೆದು, ಎರಡು ತಲೆಮಾರು ಸರಿಯಾದ ಉಷ್ಣತೆಯಲ್ಲಿ ಬೆಳೆಸಿದ ಮೇಲೆಯೇ ಎಣಿಕೆಗೆ ಇಳಿಯಬೇಕು. ನಾವು ಆ ತಿಂಗಳ ಅಷ್ಟೂ ದತ್ತಾಂಶವನ್ನು ಅಡ್ಡಗೆರೆ ಎಳೆದು ಬಿಟ್ಟೆವು. ಸಂಕಟವಾಯಿತು, ನಿಜ.

ನರವೋ ಸ್ನಾಯುವೋ ಶಕ್ತಿಯೋ

ಎಣಿಕೆ, ಪ್ಲೇಟು, ಉಷ್ಣತೆ ಎಲ್ಲ ಸರಿಯಿದ್ದೂ ಹುಳು ನಿಧಾನವಾಗಿದ್ದರೆ ಆಗ ಹುಳುವಿನ ಒಳಗೆ ಹೋಗಬಹುದು. ನಾನು ಮೊದಲು ನೋಡುವುದು ಗಂಟಲನ್ನು. ಮೇವಿನ ಮೇಲಿರುವ ಪ್ರಾಯದ ಹುಳುವಿನ ಗಂಟಲು ನಿಮಿಷಕ್ಕೆ 200ಕ್ಕೂ ಹೆಚ್ಚು ಸಲ ಮಿಡಿಯುತ್ತದೆ. ಗಂಟಲಿನ ಸ್ನಾಯುವನ್ನು ಸಂಕುಚಿಸುವ ಮಯೋಸಿನ್ ಎಂಬ ಪ್ರೋಟೀನ್ ಬೇರೆ, ಮೈಗೋಡೆಯ ಸ್ನಾಯುವಿನ ಮುಖ್ಯ ಮಯೋಸಿನ್ ಬೇರೆ. ಎರಡನೆಯದನ್ನು ತಯಾರಿಸುವ ಅಂಕ್-54 ಜೀನ್ ಕೆಟ್ಟ ಹುಳು ಬಹುತೇಕ ಲಕ್ವ ಹೊಡೆದಂತೆ ಬಿದ್ದಿದ್ದರೂ ಅದರ ಗಂಟಲು ಮಿಡಿಯುತ್ತಲೇ ಇರುತ್ತದೆ. ಹೀಗಾಗಿ ಗಂಟಲು ಚುರುಕಾಗಿದ್ದು ಮೈ ಮಾತ್ರ ಸೋತಿದ್ದರೆ ಮೈಗೋಡೆಯ ಸ್ನಾಯುವಿನ ರಚನೆಯನ್ನೋ ಅದಕ್ಕೆ ಹೋಗುವ ನರವನ್ನೋ ಶಂಕಿಸಬೇಕು. ಎರಡೂ ಒಟ್ಟಿಗೆ ನಿಧಾನವಾಗಿದ್ದರೆ ಇಡೀ ಮೈಗೆ ಶಕ್ತಿಯ ಕೊರತೆ ಇರುವ ಸಂಭವ ಹೆಚ್ಚು.

ನರವನ್ನೂ ಸ್ನಾಯುವನ್ನೂ ಬೇರ್ಪಡಿಸಲು ಲೆವಮಿಸೋಲ್ ನೆರವಿಗೆ ಬರುತ್ತದೆ. ಕುರಿ, ದನಗಳಿಗೆ ಜಂತು ಔಷಧಿಯಾಗಿ ಕುಡಿಸುವುದೂ ಇದನ್ನೇ. ಇದು ನರವನ್ನು ಬಳಸದೆ ಸ್ನಾಯುವಿನ ಮೇಲಿನ ಅಸಿಟೈಲ್‌ಕೋಲಿನ್ ಗ್ರಾಹಿಯನ್ನು ನೇರವಾಗಿ ತಟ್ಟಿ ಹುಳುವನ್ನು ಬಿಗಿಯಿಸುತ್ತದೆ. ಸೋತ ಹುಳು ಲೆವಮಿಸೋಲಿಗೆ ಮೂಲ ತಳಿಯಷ್ಟೇ ಬೇಗ ಬಿಗಿದುಕೊಂಡರೆ ಸ್ನಾಯು ಸಂಕುಚಿಸಬಲ್ಲದು ಎಂದಾಯಿತು. ತೊಂದರೆಯನ್ನು ಮೇಲಿನ ನರದಲ್ಲಿ ಹುಡುಕಬೇಕು.

ಬಣ್ಣ ಹಚ್ಚಿ ನೋಡುವಾಗಿನ ಮೋಸಗಳು

ಮೈಟೊಕಾಂಡ್ರಿಯಾಕ್ಕೆ ಹೋಗುವಂತೆ ಜಿಎಫ್‌ಪಿ ಎಂಬ ಹಸಿರು ಹೊಳೆಯುವ ಪ್ರೋಟೀನ್ ಬೆಸೆದ ತಳಿಯಲ್ಲಿ ಪ್ರಾಯದ ಹುಳುವಿನ ಸ್ನಾಯುಕೋಶವನ್ನು ನೋಡಿದರೆ, ಕೂರಿಗೆಯಲ್ಲಿ ಬಿತ್ತಿದ ರಾಗಿ ಸಾಲುಗಳಂತೆ ಹಸಿರು ಎಳೆಗಳು ಒಂದಕ್ಕೊಂದು ಸಮಾನಾಂತರವಾಗಿ ಹೊರಟಿರುತ್ತವೆ. ವಯಸ್ಸಾದಾಗ ಅಥವಾ ದೋಷವಿದ್ದಾಗ ಸಾಲು ಒಡೆದು ಮಣಿಗಳಾಗುತ್ತದೆ. ಇಲ್ಲಿನ ಅತಿ ದೊಡ್ಡ ತಪ್ಪು ಹುಳುವನ್ನು ಅಲುಗಾಡದಂತೆ ಮಾಡುವ ಔಷಧಿಯಲ್ಲಿದೆ. ಅನೇಕರು ಅಭ್ಯಾಸಬಲದಿಂದ ಸೋಡಿಯಂ ಅಜೈಡ್ ಹಾಕುತ್ತಾರೆ. ಅದು ಮೈಟೊಕಾಂಡ್ರಿಯಾದ ನಾಲ್ಕನೆಯ ಸಂಕೀರ್ಣವನ್ನೇ ಕಟ್ಟಿಹಾಕುವ ವಿಷ. ಮೈಟೊಕಾಂಡ್ರಿಯಾದ ಆರೋಗ್ಯ ನೋಡಲು ಹೋಗಿ ಅದರ ಕತ್ತು ಹಿಚುಕಿದಂತೆ. ಲೆವಮಿಸೋಲ್ ಹಾಕಿದರೆ ಸ್ನಾಯು ಬಿಗಿದು ಎಳೆಗಳ ಆಕಾರ ಬದಲಾಗುತ್ತದೆ. 10 ಶೇಕಡಾ ಅಗರೋಸಿನ ಹಾಸಿನ ಮೇಲೆ 0.1 ಮೈಕ್ರಾನಿನ ಪಾಲಿಸ್ಟೈರೀನ್ ಮಣಿಗಳ ಹನಿ ಹಾಕಿ ಗಾಜು ಮುಚ್ಚಿದರೆ ಘರ್ಷಣೆಯಿಂದಲೇ ಹುಳು ನಿಲ್ಲುತ್ತದೆ. ಯಾವ ವಿಷವೂ ಬೇಡ. ಒಂದು ಸ್ಲೈಡಿನಲ್ಲಿ ಕೆಲವೇ ಹುಳುಗಳನ್ನಿಟ್ಟು ಹತ್ತು ನಿಮಿಷದೊಳಗೆ ಚಿತ್ರ ತೆಗೆದು ಮುಗಿಸಬೇಕು, ಏಕೆಂದರೆ ಗಾಜಿನಡಿ ಉಸಿರುಗಟ್ಟಿದ ಹುಳುವಿನಲ್ಲೂ ಸಾಲು ಒಡೆಯುತ್ತದೆ.

ಮೈಟೊಕಾಂಡ್ರಿಯಾದ ಪೊರೆಯ ವಿಭವ (ವಿದ್ಯುತ್ ಅಂತರ) ತೋರಿಸುವ ಟಿಎಂಆರ್‌ಇ ಬಣ್ಣ ಬಳಸುವವರು ಎರಡು ಸಂಗತಿ ಗಮನಿಸಬೇಕು. ಬಣ್ಣ ಅತಿಯಾದರೆ ತನ್ನ ಹೊಳಪನ್ನು ತಾನೇ ನುಂಗುತ್ತದೆ. ಆಗ ವಿಭವ ಬಿದ್ದ ಮೈಟೊಕಾಂಡ್ರಿಯಾವೇ ಹೆಚ್ಚು ಹೊಳೆದು ಫಲಿತಾಂಶ ತಲೆಕೆಳಗಾಗುತ್ತದೆ. ವಿಭವವನ್ನು ಬೀಳಿಸುವ ಎಫ್‌ಸಿಸಿಪಿ ಹಾಕಿದ ಹುಳುವಿನಲ್ಲಿ ಹೊಳಪು ಇಳಿಯದಿದ್ದರೆ ಆ ದಿನದ ಚಿತ್ರಗಳನ್ನು ನಂಬಬಾರದು. ಎರಡನೆಯದು, ಕರುಳಿನ ಕಣಗಳು ಬಣ್ಣವಿಲ್ಲದೆಯೂ ಹೊಳೆಯುತ್ತವೆ, ವಯಸ್ಸಾದಂತೆ ಇನ್ನಷ್ಟು; ಬಣ್ಣ ಹಾಕದ ಒಂದು ಹುಳುವನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ತೆಗೆದ ಚಿತ್ರಕ್ಕೆ ಬೆಲೆಯಿಲ್ಲ.

ಆಮ್ಲಜನಕದ ಬಳಕೆ ಅಳೆಯುವಾಗ ಹುಳು ಅತಿಯಾಗಿ ಉಸಿರಾಡುತ್ತಿದೆ ಎಂದು ಕಂಡರೆ, ಉಸಿರಾಡುತ್ತಿರುವುದು ಬ್ಯಾಕ್ಟೀರಿಯಾ ಇರಬಹುದು. ಮೂರು ಸಲ ತೊಳೆದು, ಅರ್ಧ ಗಂಟೆ ಬಿಟ್ಟು ಕರುಳು ಖಾಲಿಯಾದ ಮೇಲೆ ಮತ್ತೊಮ್ಮೆ ತೊಳೆದು ಹಾಕಬೇಕು. ಕಡೆಯ ತೊಳೆತದ ನೀರನ್ನು ಮಾತ್ರ ಒಂದು ಪಾತ್ರೆಯಲ್ಲಿ ಅಳೆದರೆ ಸತ್ಯ ತಿಳಿಯುತ್ತದೆ.

ವಯಸ್ಸಾದ ಹುಳುಗಳ ಜೊತೆ ಮರಿಗಳು ಬೆರೆಯದಿರಲಿ ಎಂದು ಎಫ್‌ಯುಡಿಆರ್ ಹಾಕುವ ರೂಢಿಯೂ ಮೈಟೊಕಾಂಡ್ರಿಯಾದ ಕೆಲಸಕ್ಕೆ ಅಪಾಯಕಾರಿ. ಡಿಎನ್‌ಎ ತಯಾರಿಕೆಯನ್ನು ತಡೆಯುವ ಈ ಔಷಧಿ ಗ್ಯಾಸ್-1 ಮ್ಯೂಟೆಂಟಿನ ಆಯುಷ್ಯವನ್ನೇ ಎರಡು ಪಟ್ಟು ಮಾಡುತ್ತದೆಂದು 2011ರಲ್ಲೇ ವರದಿಯಾಗಿದೆ. ಕೈಯಲ್ಲಿ ದಿನವೂ ಹುಳು ಬದಲಿಸುವುದು ಬೇಸರದ ಕೆಲಸವಾದರೂ ನಾನು ಅದನ್ನೇ ಮಾಡಿಸುತ್ತೇನೆ.

ರೋಗಿ ಹುಳು ತಾನಾಗಿ ಗುಣವಾದರೆ

ಇದು ತಿರುವುಮುರುವಾದ ದೋಷ, ಅದಕ್ಕೇ ತಡವಾಗಿ ಕಣ್ಣಿಗೆ ಬೀಳುತ್ತದೆ. ತಿಂಗಳುಗಟ್ಟಲೆ ನಿಧಾನವಾಗಿದ್ದ ಮ್ಯೂಟೆಂಟು ಒಂದು ದಿನ ಮೂಲ ತಳಿಯಂತೆ ಒದ್ದಾಡತೊಡಗುತ್ತದೆ. ಪರೀಕ್ಷಿಸುತ್ತಿದ್ದ ಔಷಧಿ ಕೆಲಸ ಮಾಡಿತೆಂದು ಮನಸ್ಸು ಹಿಗ್ಗುತ್ತದೆ. ಔಷಧಿ ಹಾಕದ, ಅದನ್ನು ಕರಗಿಸುವ ದ್ರಾವಕವಾದ ಡಿಎಂಎಸ್‌ಒ ಮಾತ್ರ ಹಾಕಿದ ಪ್ಲೇಟನ್ನು ಆಗ ನೋಡಬೇಕು. ಅಲ್ಲೂ ಗುಣವಾಗಿದ್ದರೆ ತಂತಿಯ ತುದಿಯಲ್ಲಿ ಮೂಲ ತಳಿಯ ಒಂದು ಮರಿಯೋ ಮೊಟ್ಟೆಯೋ ಅಂಟಿಕೊಂಡು ಬಂದಿರುವ ಸಾಧ್ಯತೆಯೇ ಹೆಚ್ಚು. ಈ ಹುಳು ತನಗೆ ತಾನೇ ಗರ್ಭ ಕಟ್ಟಿಕೊಳ್ಳುವುದರಿಂದ ಒಂದೇ ಸಾಕು. ಬೇಗ ಬೆಳೆದು, ಹೆಚ್ಚು ಮೊಟ್ಟೆಯಿಟ್ಟು, ಮೂರು ನಾಲ್ಕು ತಲೆಮಾರಿನಲ್ಲಿ ನಿಧಾನದ ಮ್ಯೂಟೆಂಟನ್ನು ಪ್ಲೇಟಿನಿಂದ ಓಡಿಸಿಬಿಡುತ್ತದೆ. ಪ್ರತಿ ತಳಿಯ ನಡುವೆ ತಂತಿಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸುವುದು ಇದಕ್ಕೇ.

ಸಂಶಯ ಬಂದ ಪ್ಲೇಟಿನಿಂದ ಹತ್ತು ಹುಳುಗಳನ್ನು ಒಂದೊಂದಾಗಿ ಹತ್ತು ಪ್ಲೇಟಿಗೆ ಹಾಕಿ, ಮರಿಗಳಾದ ಮೇಲೆ ತಾಯಿಯ ಪಿಸಿಆರ್ (ಜೀನ್ ಪರೀಕ್ಷೆ) ಮಾಡಿಸಿ, ಜೀನ್ ಸರಿಯಾಗಿರುವ ಸಾಲನ್ನಷ್ಟೇ ಉಳಿಸಿಕೊಳ್ಳಬೇಕು. ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಗ್ಲಿಸರಾಲ್‌ನೊಂದಿಗೆ ಇಟ್ಟ ದಾಸ್ತಾನು ಇದ್ದರೆ ಅದನ್ನೇ ಕರಗಿಸಿ ಮತ್ತೆ ಶುರುಮಾಡುವುದು ಉತ್ತಮ. ಅಂಥ ಫ್ರೀಜರು ನಮ್ಮಲ್ಲಿ ಇಲ್ಲದ ಕಾರಣ, ತಳಿ ಬಂದ ದಿನವೇ ನಾಲ್ಕು ಪ್ಲೇಟುಗಳನ್ನು ಬೇರೆಮಾಡಿ, ಮೇವು ಮುಗಿದು ಮರಿಗಳು ಡಾಯರ್ ಎಂಬ ಉಪವಾಸದ ಹಂತಕ್ಕೆ ಹೋಗುವವರೆಗೆ ಬಿಟ್ಟು, ಪ್ಯಾರಾಫಿಲ್ಮ್ ಸುತ್ತಿ 15 ಡಿಗ್ರಿಯಲ್ಲಿ ಇಟ್ಟಿರುತ್ತೇವೆ. ಡಾಯರ್ ಹುಳು ತಿಂಗಳುಗಟ್ಟಲೆ ತಡೆಯುತ್ತದೆ. ಮೊನ್ನೆ ಗ್ಯಾಸ್-1 ಅನುಮಾನಕ್ಕೆ ಬಂದಾಗ ಅಂಥದ್ದೊಂದು ಪ್ಲೇಟಿನಿಂದ ಅಗರಿನ ಚೂರನ್ನು ಕತ್ತರಿಸಿ ಹೊಸ ಮೇವಿನ ಮೇಲೆ ಬೋರಲು ಹಾಕಿದೆವು; ನಾಲ್ಕನೆಯ ದಿನಕ್ಕೆ ಪ್ಲೇಟಿನ ಅಂಚಿನಲ್ಲಿ ಹಳೆಯ ನಿಧಾನದ ನಡಿಗೆಯ ಹುಳುಗಳು ಮತ್ತೆ ಕಂಡವು.